ಕೆನ್ನೆಯ ನೋವಿಗೆ ಮಿದುಳಿನ ಬುಡದಲ್ಲಿ ಮೂಲ

ಮುಖ ತೊಳೆಯುವಾಗ, ತುತ್ತು ಅಗಿಯುವಾಗ, ಕೆಲವೊಮ್ಮೆ ತಂಗಾಳಿ ಸೋಂಕಿದಾಗಲೂ ಕೆನ್ನೆಯಲ್ಲಿ ಮಿಂಚು ಹರಿದಂತೆ ನೋವು ಹೊಡೆಯುವ ವ್ಯಾಧಿಯೊಂದುಂಟು. ಕ್ಷಣಕಾಲದಿಂದ 2 ನಿಮಿಷಗಳವರೆಗೆ ಮಾತ್ರ ಇರುವ ಈ ನೋವು ಪದೇ ಪದೇ ಮರುಕಳಿಸಿ, ರೋಗಿಯು ಊಟಕ್ಕೂ ಮಾತಿಗೂ ಅಂಜುವಂತೆ ಮಾಡುತ್ತದೆ. ಇದು ಹಲ್ಲಿನ ದೋಷವೆಂದು ಬಗೆದು ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡವರೂ ಉಂಟು.

ಮುಖದ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಅದು ಮಿದುಳುಕಾಂಡವನ್ನು ಸೇರುವ ಎಡೆಯಲ್ಲಿ ಧಮನಿಯೊಂದು ಒತ್ತಿಕೊಂಡು ಬಹುಕಾಲ ಮಿಡಿಯುತ್ತಿದ್ದರೆ ನರದ ಹೊದಿಕೆ ಸವೆಯುತ್ತದೆ. ಹೊದಿಕೆ ಹೋದ ವಿದ್ಯುತ್ ತಂತಿಯಂತೆ ಆಗ ಸಾಮಾನ್ಯ ಸ್ಪರ್ಶವೂ ನೋವಾಗಿ ಪರಿಣಮಿಸುತ್ತದೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿಯವರು 1934ರಲ್ಲಿಯೇ ಈ ಒತ್ತಡದತ್ತ ಗಮನ ಸೆಳೆದಿದ್ದರು. ಗೆಡ್ಡೆ ಮೊದಲಾದ ಅನ್ಯ ಕಾರಣಗಳೂ ಇರಬಹುದಾದ್ದರಿಂದ ಎಂ.ಆರ್.ಐ. ಪರೀಕ್ಷೆ ಅವಶ್ಯಕ.

ಚಿಕಿತ್ಸೆಯ ಮೊದಲ ಮೆಟ್ಟಿಲು ಔಷಧ. 1960ರ ದಶಕದಿಂದ ಬಳಕೆಯಲ್ಲಿರುವ ಕಾರ್ಬಮಜೆಪೀನ್ ಅನೇಕರ ನೋವನ್ನು ಅಡಗಿಸುತ್ತದೆ. ಆದರೆ ಮಂಪರು, ತಲೆಸುತ್ತು ಬರಬಹುದು. ಏಷ್ಯಾ ಮೂಲದ ಕೆಲವರಲ್ಲಿ ಅನುವಂಶಿಕ ಕಾರಣದಿಂದ ಚರ್ಮಕ್ಕೆ ಘೋರ ಅಪಾಯವೂ ಒದಗಬಹುದು. ಆದಕಾರಣ ವೈದ್ಯರ ನಿಗಾ ಅತ್ಯಗತ್ಯ.

ಔಷಧ ಸಾಲದಾದಾಗ ಎರಡು ಮಾರ್ಗಗಳಿವೆ. ಕೆನ್ನೆಯ ಮೂಲಕ ಸೂಜಿ ತೂರಿಸಿ ಶಾಖದಿಂದಲೋ ಗ್ಲಿಸರಾಲಿನಿಂದಲೋ ಪುಟ್ಟ ಬಲೂನಿನ ಒತ್ತಡದಿಂದಲೋ ನರವನ್ನು ಕುಂದಿಸುವುದು, ಇಲ್ಲವೆ ಹೊರಗಿನಿಂದ ವಿಕಿರಣ ಹಾಯಿಸುವುದು ಮೊದಲನೆಯದು. ವೃದ್ಧರಿಗೂ ದುರ್ಬಲರಿಗೂ ಇದು ಸುಲಭ. ಆದರೆ ಮುಖ ಜೋಮು ಹಿಡಿಯಬಹುದು, ನೋವು ಮರಳಲೂಬಹುದು.

ಎರಡನೆಯದು ಮೂಲಕ್ಕೇ ಕೈಹಾಕುವುದು. 1960ರ ದಶಕದಲ್ಲಿ ಪೀಟರ್ ಜನೆಟ್ಟಾ ಅವರು ರೂಢಿಸಿದ ಈ ಕ್ರಮದಲ್ಲಿ ಕಿವಿಯ ಹಿಂದೆ ತಲೆಬುರುಡೆಯಲ್ಲಿ ಚಿಕ್ಕ ಕಿಂಡಿ ತೆರೆದು, ಸೂಕ್ಷ್ಮದರ್ಶಕದ ನೆರವಿನಿಂದ ಧಮನಿಯನ್ನು ಸರಿಸಿ, ನಡುವೆ ಮೆತ್ತೆಯನ್ನಿಡುತ್ತಾರೆ; ಈಗ ಇದಕ್ಕೆ ಟೆಫ್ಲಾನ್ ಎಳೆಗಳು ಬಳಕೆಯಲ್ಲಿವೆ. ನರವನ್ನು ಕತ್ತರಿಸುವುದಿಲ್ಲ. 1996ರಲ್ಲಿ ಪ್ರಕಟವಾದ 1,185 ರೋಗಿಗಳ ವರದಿಯಂತೆ, 10 ವರ್ಷಗಳ ನಂತರವೂ ಶೇಕಡ 70ರಷ್ಟು ಮಂದಿ ಔಷಧವಿಲ್ಲದೆ ನೋವುಮುಕ್ತರಾಗಿದ್ದರು. ಶೇಕಡ 1ರಷ್ಟು ಜನರಿಗೆ ಆ ಬದಿಯ ಕಿವಿ ಕೇಳದಾಯಿತು, ಇಬ್ಬರು ಅಸುನೀಗಿದರು.

ಎಲ್ಲರಿಗೂ ಸಲ್ಲುವ ಒಂದೇ ಚಿಕಿತ್ಸೆಯಿಲ್ಲ. ವಯಸ್ಸು, ದೇಹಬಲ, ಧಮನಿಯ ಒತ್ತಡ ಇವನ್ನು ತೂಗಿ ರೋಗಿಯೂ ವೈದ್ಯರೂ ಕೂಡಿ ನಿರ್ಧರಿಸಬೇಕು. ನೋವು ಕಂಡಲ್ಲೇ ರೋಗವಿರಬೇಕೆಂದಿಲ್ಲ. ಹಲ್ಲು ಕೀಳಿಸುವ ಮುನ್ನ ಕ್ಷಣಕಾಲ ಯೋಚಿಸಿ ನರರೋಗ ತಜ್ಞರನ್ನು ಕಾಣುವುದು ಲೇಸು.