ಬೆಂಗಳೂರಲ್ಲಿ ರಾತ್ರಿ ರೈಲಿನ ತನಕ ಟೈಮ್ ಇದೆಯಾ? ಆಟೋ ಹತ್ತದೇ ನೋಡಬಹುದಾದ ನಾಲ್ಕು ಜಾಗ

ಚಿಕ್ಕೋಡಿ: ರಾಯಬಾಗದಲ್ಲೋ ಕುಡಚಿಯಲ್ಲೋ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಮುಂಜಾನೆ ಬೆಂಗಳೂರು. ನಮ್ಮ ಭಾಗದ ಮಂದಿ ಅಲ್ಲಿಗೆ ಹೋಗೋದು ಹೆಚ್ಚಾಗಿ ಕೆಲಸಕ್ಕೇ. ಆಸ್ಪತ್ರೆ, ಪರೀಕ್ಷೆ, ಸಂದರ್ಶನ, ಇಲ್ಲವೇ ಕಚೇರಿಯಲ್ಲಿ ಸಿಕ್ಕಿಕೊಂಡ ಫೈಲು. ಕೆಲಸ ಮಧ್ಯಾಹ್ನಕ್ಕೆ ಮುಗಿದರೂ ಹೊಳ್ಳಿ ಬರೋ ರೈಲು ರಾತ್ರಿ 11ರ ಸುಮಾರಿಗೆ. ನಡುವಿನ ಹೊತ್ತನ್ನು ಬಹಳ ಜನ ಸ್ಟೇಷನ್ನಿನಲ್ಲೇ ಕೂತು ಕಳೀತಾರೆ. ಆಟೋದವರು ಎಷ್ಟು ಕೇಳ್ತಾರೋ, ದಾರಿ ಎಲ್ಲಿ ತಪ್ಪೀತೋ ಅನ್ನೋ ಅಂಜಿಕೆ.

ಆ ಅಂಜಿಕೆ ಬೇಕಿಲ್ಲ. ಸ್ಟೇಷನ್ ಎದುರಿನ ರಸ್ತೆ ದಾಟಿದರೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಅಲ್ಲೇ ನೆಲದಡಿ ಮೆಟ್ರೋ. ಹಳೇ ಬೆಂಗಳೂರಿನ ಮುಖ್ಯ ಜಾಗಗಳು ಇಲ್ಲಿಂದ ಕೆಲವೇ ನಿಮಿಷದ ದಾರಿ.

ಮೊದಲು ಟಿಕೆಟ್ ಲೆಕ್ಕ

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಬೆಂಗಳೂರಿನ ಬಿಎಂಟಿಸಿಗೂ ಅನ್ವಯಿಸುತ್ತದೆ. ಎಸಿ ಇಲ್ಲದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಕೊಲ್ಲಾಪುರ, ಸಾಂಗ್ಲಿ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ನಿಪ್ಪಾಣಿ, ಕಾಗವಾಡದಲ್ಲಿ ಮನೆಮನೆಗೂ ಇದ್ದಾರೆ. ಆಧಾರಿನಲ್ಲಿ ಇನ್ನೂ ತವರಿನ ವಿಳಾಸ ಇದ್ದರೆ ಟಿಕೆಟ್ ತೆಗೆಯಲೇಬೇಕು. ಹೊರಡೋ ಮುಂಚೆ ನೋಡಿಕೊಳ್ಳಿ. ಗಂಡಸರು ಮೂರ್ನಾಲ್ಕು ಸಲ ಬಸ್ ಹತ್ತೋದಿದ್ದರೆ ದಿನದ ಪಾಸ್ ತಗೊಳ್ಳೋದು ಲೇಸು.

ಮೆಟ್ರೋದಲ್ಲಿ ಶಕ್ತಿ ಯೋಜನೆ ಇಲ್ಲ. 2025ರ ಫೆಬ್ರುವರಿಯಲ್ಲಿ ಏರಿಸಿದ ದರದಂತೆ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ. ಕೌಂಟರಿನಲ್ಲಿ ಇಳಿಯೋ ಸ್ಟೇಷನ್ ಹೆಸರು ಹೇಳಿದರೆ ಸಾಕು. ಕೊಟ್ಟ ಟಿಕೆಟ್ ಹೊರಗೆ ಬರೋ ತನಕ ಜೋಪಾನ, ಅದಿಲ್ಲದೇ ಗೇಟು ತೆರೆಯೋದಿಲ್ಲ. ಕೆಳಗಿನ ಮೊದಲ ಮೂರು ಜಾಗಕ್ಕೂ ಹಸಿರು ಮಾರ್ಗದ ರೈಲು.

1. ಪೇಟೆ ಮತ್ತು ಕೋಟೆ

ರೇಷ್ಮೆ ಸಂಸ್ಥೆ ಕಡೆ ಹೋಗೋ ರೈಲಿನಲ್ಲಿ ಮೆಜೆಸ್ಟಿಕ್ ಬಿಟ್ಟ ಮೇಲೆ ಮೊದಲನೇ ಸ್ಟೇಷನ್ ಚಿಕ್ಕಪೇಟೆ, ಎರಡನೇದು ಕೃಷ್ಣರಾಜೇಂದ್ರ ಮಾರುಕಟ್ಟೆ. ನಮ್ಮ ಅಂಗಡಿಕಾರರ ಖರೀದಿ ಹೆಚ್ಚಾಗಿ ಇಚಲಕರಂಜಿ, ಕೊಲ್ಲಾಪುರದಲ್ಲೇ. ಹಾಗಾಗಿ ಈ ಪೇಟೆ ನೋಡಿದವರು ಕಡಿಮೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಯಾವ ಓಣಿಯಲ್ಲಿ ಯಾವ ವ್ಯಾಪಾರ, ಯಾವ ಕಸುಬು ಇತ್ತು ಅಂತ ಹೆಸರೇ ಹೇಳುತ್ತದೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗ ಶುರುವಾದ ಪದ್ಧತಿ ಇದು.

ಮಾರುಕಟ್ಟೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ರ ಹಳೇ ಕೋಟೆಯ ಉಳಿದ ಭಾಗ ಇದೆ. ಮಣ್ಣಿನ ಕೋಟೆಯನ್ನು ಕಲ್ಲಿನದಾಗಿ ಮಾಡಿಸಿದವನು ಹೈದರ್ ಅಲಿ. 1791ರ ಮಾರ್ಚ್‌ನಲ್ಲಿ ಇಂಗ್ಲಿಷರು ಇದನ್ನು ಗೆದ್ದರು. ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ, ತೇಗದ ಕಂಬಗಳ ಕಟ್ಟಡ.

2. ಲಾಲ್‌ಬಾಗ್ ಬಂಡೆ

ಅದೇ ರೈಲಿನಲ್ಲಿ ಮುಂದೆ ಎರಡು ಸ್ಟೇಷನ್. ಲಾಲ್‌ಬಾಗ್ ಅಂದ್ರೆ ಹೂವಿನ ಪ್ರದರ್ಶನ, ಗಾಜಿನ ಮನೆ ಅಷ್ಟೇ ಅಂದುಕೊಂಡವರು ಬಂಡೆ ಹತ್ತದೇ ಹೊಳ್ಳಿ ಬರ್ತಾರೆ. ಈ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹೋಲಿಸಿ ನೋಡಿ: ಚಿಕ್ಕೋಡಿ, ಅಥಣಿ ಕಡೆಯ ಕರಿಕಲ್ಲು ಲಾವಾ ಹರಿದು ಆದದ್ದು, ಅದರ ವಯಸ್ಸು ಆರೂವರೆ ಕೋಟಿ ವರ್ಷದ ಆಸುಪಾಸು. ಬಂಡೆ ಮೇಲಿರೋ ಸಣ್ಣ ಗೋಪುರ, ಕೆಂಪೇಗೌಡರ ವಂಶದವರು ಊರಿನ ನಾಲ್ಕು ದಿಕ್ಕಿಗೆ ಕಟ್ಟಿಸಿದರು ಅನ್ನೋ ಗೋಪುರಗಳಲ್ಲಿ ಒಂದು.

3. ಮಲ್ಲೇಶ್ವರದ ಶಾಸನ

ಇದಕ್ಕೆ ಮಾದಾವರ ಕಡೆಯ ರೈಲು. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಇಳಿದು ಸಂಪಿಗೆ ರಸ್ತೆಗುಂಟ ನಡೆಯಬಹುದು. ನಡೆಯೋಕಾಗದವರಿಗೆ ಮೆಜೆಸ್ಟಿಕ್ಕಿನಿಂದಲೇ ಮಲ್ಲೇಶ್ವರದ ಬಸ್ ಸಿಗುತ್ತದೆ. ಕೇಳಬೇಕಾದ ಹೆಸರು ಕಾಡು ಮಲ್ಲೇಶ್ವರ ಗುಡಿ.

ನಮ್ಮ ತಾಲೂಕುಗಳ ಹಾಗೆ ಬೆಂಗಳೂರೂ ಒಂದು ಕಾಲಕ್ಕೆ ವಿಜಯಪುರದ ಆದಿಲ್‌ಶಾಹಿಗೆ ಸೇರಿತ್ತು. 1638ರಲ್ಲಿ ಊರನ್ನು ಗೆದ್ದ ಮೇಲೆ ಅದು ಶಹಾಜಿ ಭೋಸಲೆಗೆ ಜಹಗೀರಾಗಿ ಬಂತು. ಶಹಾಜಿಯ ಮಗ, ಶಿವಾಜಿ ಮಹಾರಾಜರ ಮಲತಮ್ಮ ಏಕೋಜಿ 1669ರಲ್ಲಿ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ. ಅದನ್ನು ಹೇಳೋ ಶಾಸನ ಇಲ್ಲಿದೆ. ಎದುರಿಗೇ ನಂದಿ ತೀರ್ಥ. ಮಣ್ಣಲ್ಲಿ ಹೂತಿದ್ದ ಈ ಕಲ್ಯಾಣಿ ಹೊರಬಂದದ್ದು 1997ರಲ್ಲಿ. ನಂದಿಯ ಬಾಯಿಂದ ಬರೋ ನೀರು ಲಿಂಗದ ಮೇಲೆ ಬೀಳುತ್ತದೆ. ಮಧ್ಯಾಹ್ನ ಗುಡಿ ಬಾಗಿಲು ಹಾಕಿರಬಹುದು, ಮುಂಜಾನೆ ಇಲ್ಲವೇ ಸಂಜೆ ಹೋಗಿ.

4. ಬೇಗೂರಿನ ಕಲ್ಲು

ಇದಕ್ಕೆ ಬಸ್ಸೇ ಗತಿ, ಅರ್ಧ ದಿನವೂ ಬೇಕು. ಬೊಮ್ಮನಹಳ್ಳಿ ಆಚೆಗಿನ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲಿದೆ. ಅದರಲ್ಲಿ ‘ಬೆಂಗಳೂರು’ ಕಾಳಗದ ಮಾತಿದೆ. ಹೊಯ್ಸಳ ರಾಜನಿಗೆ ಅಜ್ಜಿಯೊಬ್ಬಳು ಬೆಂದಕಾಳು ಕೊಟ್ಟಿದ್ದಕ್ಕೆ ಬೆಂಗಳೂರು ಅನ್ನೋ ಹೆಸರು ಬಂತು ಅಂತ ಶಾಲೆಯಲ್ಲಿ ಎಲ್ಲರೂ ಕೇಳಿರ್ತಾರೆ. ಈ ಕಲ್ಲು ಹೊಯ್ಸಳರಿಗಿಂತ ಮುಂಚಿನದು. ಅಂದ್ರೆ ಹೆಸರು ಮೊದಲೇ ಇತ್ತು.

ಕಡೇ ಮಾತು

ದೊಡ್ಡ ಬ್ಯಾಗು, ಗಂಟು ಇದ್ದರೆ ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡಿ. ಸಂಜೆ 5ರಿಂದ 8ರ ತನಕ ಬಸ್ಸುಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳ್ತವೆ. ಬೇಗೂರಿಗೆ ಹೋದವರು ಕತ್ತಲಾಗೋ ಮುಂಚೆ ಹೊರಡೋದು ಒಳ್ಳೇದು. ರೋಗಿ ಜೊತೆಗಿದ್ದರೆ ಲಾಲ್‌ಬಾಗ್ ಒಂದೇ ಸಾಕು, ಕೂರೋಕೆ ನೆರಳಿದೆ.

ದಾರಿ ತಪ್ಪಿದರೂ ‘ಮೆಜೆಸ್ಟಿಕ್’ ಅಂತ ಬೋರ್ಡಿರೋ ಬಸ್ ಹತ್ತಿ. ಇಳಿದು ರೈಲ್ವೆ ಸ್ಟೇಷನ್ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸ್ತಾರೆ. ಆ ಸ್ಟೇಷನ್ನಿಗೆ ಇಟ್ಟಿರೋದು ನಮ್ಮ ಜಿಲ್ಲೆಯವನದ್ದೇ ಹೆಸರು: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ.