ಕ್ರೀಮಿನ ಹೂವು ಜಾರುವುದೇಕೆ?

ಪ್ರಶ್ನೆ: ಮೇ ತಿಂಗಳಲ್ಲಿ ರಾಯಚೂರಿನಿಂದ ದೇವದುರ್ಗಕ್ಕೆ ಬರ್ತ್‌ಡೇ ಕೇಕ್ ಒಯ್ದರೆ ಮೇಲಿನ ಹೂಗಳು ದಾರಿಯಲ್ಲೇ ಜಾರುತ್ತವೆ. ಯಾಕೆ?

ಉತ್ತರ: ಆ ಹೂವು ನಿಂತಿರುವುದೇ ಕೊಬ್ಬಿನ ಬಲದ ಮೇಲೆ. ಕ್ರೀಮನ್ನು ಕಡೆದಾಗ ಕೊಬ್ಬಿನ ಕಣಗಳು ಗಾಳಿಯ ಗುಳ್ಳೆಗಳನ್ನು ಸುತ್ತುವರಿದು ಹಿಡಿಯುತ್ತವೆ. ಬೆಣ್ಣೆಯ ಕೊಬ್ಬು 35 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ನಮ್ಮ ಬೇಸಿಗೆ 40 ದಾಟುತ್ತದೆ. ಮೊದಲು ಎಸಳಿನ ಅಂಚು ಮೊಂಡಾಗುತ್ತದೆ, ಆಮೇಲೆ ಹೂವೇ ಕುಸಿಯುತ್ತದೆ.

ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆನಪಿಸಿಕೊಳ್ಳಿ. ಕಟ್ಟಿಗೆಯ ಅಚ್ಚಿಗೆ ಪಾಕ ಹುಯ್ದು ತೆಗೆದ ಆನೆ, ನವಿಲು, ಗೋಪುರಗಳು ನಮ್ಮ ಬಿಸಿಲಿಗೆ ಕದಲುವುದಿಲ್ಲ. ಅವು ಬರೀ ಸಕ್ಕರೆಯ ಹರಳು; ತೇವವೊಂದೇ ಅವುಗಳ ಶತ್ರು. ಹಾಗಾಗಿ ಬೇಸಿಗೆಯ ಕೇಕಿಗೆ ಅಂಥ ಗೊಂಬೆಗಳೇ ಚೆಂದ ಎನ್ನುತ್ತೇನೆ, ಕತ್ತರಿಸುವ ಹೊತ್ತಿಗೆ ಮೇಲಿಟ್ಟರಾಯಿತು. ಕ್ರೀಮೇ ಬೇಕೆಂದರೆ ಕೇಕನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ನಸುಕಿನ ಬಸ್ಸಿಗೇ ಹೊರಡಿ.