ಮನೆ ಮಲಗಿದಾಗಲೂ ಓಡುವ ಮೀಟರ್

ಫ್ಲ್ಯಾಟಿನ ಕರೆಂಟ್ ಬಿಲ್ ಇದ್ದಕ್ಕಿದ್ದಂತೆ ಏರಿದರೆ ಮನೆಯೊಳಗೆ ಮೊದಲು ನಡೆಯುವುದು ವಿಚಾರಣೆ. ಗೀಸರ್ ಆಫ್ ಮಾಡದೆ ಆಫೀಸಿಗೆ ಹೋದವರು ಯಾರು, ಫ್ಯಾನ್ ತಿರುಗುತ್ತಿರುವಂತೆಯೇ ಎದ್ದು ಬಂದವರು ಯಾರು ಎಂದು ಪಂಚಾಯ್ತಿ ಸೇರುತ್ತದೆ. ಮನೆಯವರೆಲ್ಲ ಖುಲಾಸೆಯಾದರೆ ಆರೋಪ ಮೀಟರ್ ಮೇಲೆ ಬೀಳುತ್ತದೆ: ‘ಅದು ಜಾಸ್ತಿ ಓಡ್ತಿದೆ, ಅಷ್ಟೇ.’ ಎರಡೂ ಆರೋಪಗಳಿಗೆ ಸಾಕ್ಷ್ಯವಿರುವುದಿಲ್ಲ. ಸಾಕ್ಷ್ಯ ಸಿಗುವ ಜಾಗ ಬೇಸ್‌ಮೆಂಟಿನ ಮೀಟರ್ ಬೋರ್ಡು. ಅಲ್ಲಿಗೆ ಹೋಗಿ ನೋಡುವವರು ಕಡಿಮೆ. ನನ್ನ ವಾದ ಇಷ್ಟು: ಅನಿರೀಕ್ಷಿತವಾಗಿ ಏರಿದ ಬಿಲ್ಲಿನ ಹಿಂದೆ ಬಹುಪಾಲು ಇರುವುದು ಹೆಚ್ಚು ವಾಟಿನ ಉಪಕರಣವಲ್ಲ, ಹೆಚ್ಚು ಹೊತ್ತು ನಡೆಯುವ ಯಾವುದೋ ಒಂದು. ಅದನ್ನು ಹಿಡಿಯಬೇಕಾದರೆ ಮೀಟರನ್ನು ಗಡಿಯಾರದ ಜೊತೆಗಿಟ್ಟು ಓದಬೇಕು.

ಆದರೆ ಅದಕ್ಕೂ ಮೊದಲು ಏರಿದ್ದು ಯೂನಿಟ್ಟೋ, ಬರೀ ರೂಪಾಯಿಯೋ ಎಂದು ತಿಳಿಯಬೇಕು. ಕರ್ನಾಟಕದಲ್ಲಿ ಈ ಪ್ರಶ್ನೆಗೆ 2023ರಿಂದ ಹೊಸ ತೂಕ ಬಂದಿದೆ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಸಾಮಾನ್ಯವಾಗಿ ಸಿಗುವ ಉಚಿತ ವಿದ್ಯುತ್ತು 2022-23ರ ಅದರ ಮಾಸಿಕ ಸರಾಸರಿ ಬಳಕೆ, ಅದರ ಮೇಲೆ ಶೇ. 10ರಷ್ಟು. ಅದನ್ನು ಮೀರಿದರೂ 200 ಯೂನಿಟ್ಟಿನ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 150 ಯೂನಿಟ್ ಬಳಸುತ್ತಿದ್ದ ಮನೆಗೆ 165 ಯೂನಿಟ್ ಉಚಿತ. ಆ ಮನೆ ಒಂದು ತಿಂಗಳು 198 ಯೂನಿಟ್ ಬಳಸಿದರೆ ಹೆಚ್ಚುವರಿ 33 ಯೂನಿಟ್ಟಿನ ಲೆಕ್ಕ ಬರುತ್ತದೆ. ಮರುತಿಂಗಳು 205 ಆದರೆ? 2025-26ರ ದರದಂತೆ ಯೂನಿಟ್ಟಿಗೆ 5.80 ರೂಪಾಯಿ, ಮಂಜೂರಾದ ಲೋಡ್ 3 ಕಿಲೋವಾಟ್ ಇದ್ದರೆ ಕಿಲೋವಾಟಿಗೆ 145ರಂತೆ ನಿಗದಿತ ಶುಲ್ಕ 435 ರೂಪಾಯಿ, ವಿದ್ಯುತ್ ಶುಲ್ಕದ ಮೇಲೆ ಶೇ. 9 ತೆರಿಗೆ, ಯೂನಿಟ್ಟಿಗೆ 36 ಪೈಸೆ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜು, ಎಲ್ಲ ಸೇರಿ 1,800 ರೂಪಾಯಿಯ ಆಸುಪಾಸು. ಬಳಕೆ ಹೆಚ್ಚಿದ್ದು ಏಳೇ ಯೂನಿಟ್. ಇಂಥ ಮನೆಯಲ್ಲಿ ವೈರಿಂಗ್ ಕೆಟ್ಟಿದೆಯೆಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದರೆ ಅವನ ಕೂಲಿಯೂ ಬಿಲ್ಲಿಗೆ ಸೇರುತ್ತದೆ, ಅಷ್ಟೆ.

ಬರೀ ರೂಪಾಯಿ ಏರುವುದಕ್ಕೆ ಬೇರೆ ದಾರಿಗಳೂ ಇವೆ. ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾದ ಭದ್ರತಾ ಠೇವಣಿ ಇರಬೇಕೆಂಬ ನಿಯಮದಿಂದಾಗಿ, ಬಳಕೆ ಹೆಚ್ಚಿದ ಮನೆಗೆ ಹೆಚ್ಚುವರಿ ಠೇವಣಿ ಕಟ್ಟಿ ಎಂಬ ಬೇಡಿಕೆ ಬರುತ್ತದೆ. ಹಳೆಯ ಬಾಕಿ ಇನ್ನೊಂದು ಸಾಲಿನಲ್ಲಿ ಕೂತಿರುತ್ತದೆ. ಇಷ್ಟನ್ನು ತೆಗೆದಿಟ್ಟ ಮೇಲೆ ನೋಡಬೇಕಾದ್ದು ಹಿಂದಿನ ರೀಡಿಂಗು, ಈಗಿನ ರೀಡಿಂಗು, ನಡುವಿನ ದಿನಗಳು. ಮೀಟರ್ ರೀಡರ್ ಬಂದಾಗ ಮೀಟರ್ ಕೋಣೆಗೆ ಬೀಗ ಬಿದ್ದಿದ್ದರೆ ಆ ತಿಂಗಳು ಸರಾಸರಿಯ ಮೇಲೆ ಬಿಲ್ ಹರಿಯುತ್ತದೆ, ಅದರ ಮುಂದಿನ ತಿಂಗಳು ನಿಜ ರೀಡಿಂಗ್ ಬಂದು ವ್ಯತ್ಯಾಸವೆಲ್ಲ ಒಟ್ಟಿಗೆ ಬೀಳುತ್ತದೆ. 27 ದಿನದ ಬಿಲ್ಲನ್ನು 33 ದಿನದ ಬಿಲ್ಲಿಗೆ ಹೋಲಿಸಿ ಗಾಬರಿಯಾಗುವವರೂ ಇದ್ದಾರೆ. ದಿನಕ್ಕೆ ಎಷ್ಟು ಯೂನಿಟ್ ಎಂದು ಭಾಗಿಸಿಕೊಂಡರೆ ಈ ಗೊಂದಲ ಹೋಗುತ್ತದೆ. ಹಾಗೆ ಭಾಗಿಸಿಯೂ ಕಳೆದ ವರ್ಷದ ಇದೇ ತಿಂಗಳಿಗಿಂತ ಸ್ಪಷ್ಟವಾಗಿ ಏರಿದ್ದರೆ ಮಾತ್ರ ಮನೆಯೊಳಗೆ ಹುಡುಕಾಟ. ಕಳೆದ ತಿಂಗಳಿಗೆ ಹೋಲಿಸಿ ಪ್ರಯೋಜನವಿಲ್ಲ. ಏಪ್ರಿಲ್ಲಿನ ಫ್ಯಾನು, ಡಿಸೆಂಬರಿನ ಗೀಸರು ತಮ್ಮ ಪಾಲು ಕೇಳಿಯೇ ಕೇಳುತ್ತವೆ.

ಹುಡುಕಾಟ ಶುರುವಾದರೆ ಎಲ್ಲರ ಬೆರಳು ಗೀಸರಿನತ್ತ. ಅದು ಅನ್ಯಾಯವೇನಲ್ಲ. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು. ನಾಲ್ಕು ಜನ ದಿನಕ್ಕೊಂದೊಂದು ಟ್ಯಾಂಕ್ ಖಾಲಿ ಮಾಡಿದರೆ ತಿಂಗಳಿಗೆ ಎಪ್ಪತ್ತು ಯೂನಿಟ್ ದಾಟುತ್ತದೆ. ಆದರೆ ಇದು ಪ್ರತಿ ತಿಂಗಳೂ ಇರುವ ಖರ್ಚು. ನಿತ್ಯದ ಸ್ನಾನ ಬಿಲ್ ಯಾಕೆ ದೊಡ್ಡದು ಎಂಬುದನ್ನು ವಿವರಿಸಬಲ್ಲದು. ಈ ತಿಂಗಳೇ ಯಾಕೆ ಹಾರಿತು ಎಂಬುದನ್ನು ವಿವರಿಸಲಾರದು. ಅದೇ ಗೀಸರ್ ದಿನವಿಡೀ ಆನ್ ಆಗಿದ್ದು, ಬಿಸಿನೀರಿನ ನಲ್ಲಿಯ ವಾಷರ್ ಸವೆದು ಹತ್ತು ನಿಮಿಷಕ್ಕೆ ಒಂದು ಲೀಟರಿನಂತೆ ಸೋರುತ್ತಿದ್ದರೆ ಕಥೆಯೇ ಬೇರೆ. ದಿನಕ್ಕೆ 144 ಲೀಟರ್ ಬಿಸಿನೀರು ಮೋರಿಗೆ ಹೋಗುತ್ತದೆ, ಅದರ ಜೊತೆ ಐದೂಮುಕ್ಕಾಲು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು. ತಿಂಗಳಿಗೆ 175 ಯೂನಿಟ್. ಗೀಸರಿನ ವಾಟೇಜು ಎರಡೂ ಸಂದರ್ಭದಲ್ಲಿ ಒಂದೇ, ಬದಲಾದದ್ದು ಅದು ನಡೆದ ಗಂಟೆ. ಉಪಕರಣಗಳ ಹಿಂದಿನ ಚೀಟಿ ಓದಿ ವಾಟ್ ಕೂಡಿಸುವವರಿಗೆ ಈ ಸೋರಿಕೆ ಕಾಣುವುದೇ ಇಲ್ಲ.

ಗಂಟೆಯನ್ನು ಕಾಣಿಸುವ ಅತಿ ಸುಲಭದ ಪರೀಕ್ಷೆ ರಾತ್ರಿಯದು. ಮಲಗುವ ಮುಂಚೆ ಮೀಟರಿನ ರೀಡಿಂಗನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಬೆಳಗ್ಗೆ ಯಾರೂ ಗೀಸರ್ ಹಾಕುವ ಮುನ್ನ ಇನ್ನೊಂದು ಫೋಟೊ ತೆಗೆದರೆ ಸಾಕು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ 75 ವಾಟಿನ ಹಳೆಯ ಎರಡು ಫ್ಯಾನುಗಳು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ತಿನ್ನುತ್ತವೆ. ಫ್ರಿಜ್, ವೈಫೈ, ಟಿವಿಯ ಸೆಟ್‌ಟಾಪ್ ಬಾಕ್ಸ್ ಸೇರಿ ಇನ್ನರ್ಧ. ಎಸಿ ಇಲ್ಲದ ಮನೆಯಲ್ಲಿ ಒಂದೂವರೆ ಯೂನಿಟ್ ಇರಬೇಕಾದಲ್ಲಿ ಮೂರು ತೋರಿಸಿದರೆ, ಸುಮಾರು 200 ವಾಟ್ ಎಳೆಯುವ ಏನೋ ಒಂದು ಕತ್ತಲಲ್ಲಿ ನಡೆಯುತ್ತಿದೆ ಎಂದರ್ಥ. ಹಗಲಿಗೂ ಅದೇ ನಡೆದರೆ ತಿಂಗಳಿಗೆ 144 ಯೂನಿಟ್. ಇನ್ನೂ ಬೇಗ ಉತ್ತರ ಬೇಕಾದವರು ಮೀಟರಿನ ಮೇಲೆ ಮಿನುಗುವ ಕೆಂಪು ದೀಪವನ್ನು ನೋಡಬಹುದು. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಹನ್ನೊಂದು ಸೆಕೆಂಡಿಗೊಮ್ಮೆ ಮಿನುಗಿದಾಗ ಮನೆ 100 ವಾಟ್ ಬಳಸುತ್ತಿದೆ. ಐದೂವರೆ ಸೆಕೆಂಡಿಗೊಮ್ಮೆಯಾದರೆ 200. ಒಬ್ಬರು ಬೇಸ್‌ಮೆಂಟಿನಲ್ಲಿ ಫೋನ್ ಹಿಡಿದು ನಿಂತು, ಇನ್ನೊಬ್ಬರು ಮೇಲೆ ಒಂದೊಂದೇ ಎಂಸಿಬಿ ಇಳಿಸುತ್ತ ಹೋದರೆ ಕಳ್ಳ ಯಾವ ಲೈನಿನಲ್ಲಿದ್ದಾನೆಂದು ಕಾಲು ಗಂಟೆಯಲ್ಲಿ ತಿಳಿಯುತ್ತದೆ.

ಹೀಗೆ ಸಿಕ್ಕಿಬೀಳುವವುಗಳಲ್ಲಿ ಮೊದಲ ಗುಮಾನಿ ಪಡಬೇಕಾದ್ದು ಯುಪಿಎಸ್ ಬ್ಯಾಟರಿಯ ಮೇಲೆ. ವಯಸ್ಸಾದ ಲೆಡ್ ಆಸಿಡ್ ಬ್ಯಾಟರಿ ಎಷ್ಟು ಚಾರ್ಜ್ ಕೊಟ್ಟರೂ ತುಂಬುವುದಿಲ್ಲ. ಚಾರ್ಜರ್ ಕೊಡುತ್ತಲೇ ಇರುತ್ತದೆ, ಬ್ಯಾಟರಿ ಅದನ್ನು ಶಾಖವಾಗಿಸಿ, ನೀರನ್ನು ಅನಿಲವಾಗಿಸಿ ಕಳೆಯುತ್ತಲೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಪದೇಪದೇ ಹಾಕಬೇಕಾಗಿ ಬಂದು, ಕರೆಂಟ್ ಹೋಗದ ದಿನವೂ ಬ್ಯಾಟರಿ ಮುಟ್ಟಿದರೆ ಬಿಸಿಯಿದ್ದರೆ, ಬಿಲ್ಲಿನ ಕಾರಣ ಅಲ್ಲೇ ಇದೆ. 100 ವಾಟ್ ನಿರಂತರ ಎಳೆದರೂ ತಿಂಗಳಿಗೆ 72 ಯೂನಿಟ್. ಮೇಲಿನ ಮಹಡಿಗಳಲ್ಲಿ ನೀರಿನ ಒತ್ತಡಕ್ಕೆಂದು ಕೂರಿಸಿಕೊಂಡ ಪ್ರೆಶರ್ ಪಂಪ್ ಎರಡನೆಯದು: ಫ್ಲಶ್ ಟ್ಯಾಂಕ್ ಒಳಗೊಳಗೇ ಸೋರಿದರೆ ಒತ್ತಡ ಇಳಿದಾಗಲೆಲ್ಲ ಪಂಪ್ ತಾನೇ ಎದ್ದು ಓಡುತ್ತದೆ. ಫ್ರಿಜ್ಜಿನ ಬಾಗಿಲ ರಬ್ಬರ್ ಸಡಿಲಾದರೆ ಕಂಪ್ರೆಸರ್‌ಗೆ ಬಿಡುವಿರುವುದಿಲ್ಲ. ಇವೆಲ್ಲ ಮನೆಯವರು ಯಾರೂ ಸ್ವಿಚ್ ಒತ್ತದೆ ನಡೆಯುವಂಥವು. ‘ನಾವು ಮೊದಲಿನ ಹಾಗೇ ಇದ್ದೀವಲ್ಲ’ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲೇ ಇದೆ. ಜನ ಮೊದಲಿನ ಹಾಗೇ ಇರಬಹುದು, ವಸ್ತುಗಳು ಇರುವುದಿಲ್ಲ.

ಇನ್ನು ಎಲ್ಲ ಎಂಸಿಬಿ ಇಳಿಸಿದ ಮೇಲೂ ಮೀಟರ್ ಮಿನುಗುತ್ತಿದ್ದರೆ? ಫ್ಲ್ಯಾಟುಗಳ ವಿಶೇಷ ತೊಂದರೆ ಶುರುವಾಗುವುದು ಇಲ್ಲಿಂದ. ಮೊದಲನೆಯದಾಗಿ ಅದು ನಿಮ್ಮ ಮೀಟರೇ ಎಂಬುದು ಖಾತ್ರಿಯಾಗಬೇಕು. ಒಂದೇ ಬೋರ್ಡಿನಲ್ಲಿ ಸಾಲಾಗಿ ಕೂತ ಹತ್ತಾರು ಮೀಟರುಗಳಲ್ಲಿ ಬಿಲ್ಡರ್ ಕಾಲದಲ್ಲೇ ಎರಡು ಫ್ಲ್ಯಾಟುಗಳ ವೈರು ಅದಲುಬದಲಾಗಿ, ಒಬ್ಬರ ಬಿಲ್ಲನ್ನು ಇನ್ನೊಬ್ಬರು ಕಟ್ಟುತ್ತಿರುವುದು ಸಾಧ್ಯ. ಬಿಲ್ಲಿನ ಆರ್.ಆರ್. ನಂಬರ್, ಮೀಟರ್ ನಂಬರ್ ಹೊಂದಿದರೆ ಸಾಲದು. ಮನೆಯಲ್ಲಿ ಗೀಸರ್ ಹಾಕಿದಾಗ ಮಿನುಗು ವೇಗವಾಗಬೇಕು, ತೆಗೆದಾಗ ನಿಧಾನವಾಗಬೇಕು. ಎರಡನೆಯದು ನ್ಯೂಟ್ರಲ್ ಬೆರಕೆ. ಫೇಸಿನಲ್ಲಿ ಕರೆಂಟ್ ತೆಗೆದುಕೊಂಡು ನ್ಯೂಟ್ರಲ್ ಬದಲು ಭೂಮಿಗೆ ಬಿಟ್ಟು ಲೆಕ್ಕ ತಪ್ಪಿಸುವ ಕಳವನ್ನು ತಡೆಯಲು ಇಂದಿನ ಸಿಂಗಲ್ ಫೇಸ್ ಮೀಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಳೆದು, ಯಾವುದರಲ್ಲಿ ಹೆಚ್ಚು ಹರಿಯುತ್ತದೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಒಳ್ಳೆಯ ಉಪಾಯವೇ. ಆದರೆ ಯಾವುದೋ ಜಂಕ್ಷನ್ ಬಾಕ್ಸಿನಲ್ಲಿ ನಿಮ್ಮ ನ್ಯೂಟ್ರಲ್ಲಿಗೆ ಪಕ್ಕದ ಮನೆಯ ನ್ಯೂಟ್ರಲ್ ಸೇರಿಕೊಂಡಿದ್ದರೆ, ಅವರ ಕರೆಂಟಿನ ಒಂದು ಪಾಲು ನಿಮ್ಮ ಮೀಟರ್ ಮೂಲಕ ವಾಪಸಾಗುತ್ತದೆ. ಅವರ ಮೀಟರ್ ಅದನ್ನು ಫೇಸಿನಲ್ಲಿ ಎಣಿಸಿರುತ್ತದೆ, ನಿಮ್ಮದು ನ್ಯೂಟ್ರಲ್ಲಿನಲ್ಲಿ ಎಣಿಸುತ್ತದೆ. ಒಂದೇ ಕರೆಂಟಿಗೆ ಎರಡು ಮನೆಯಲ್ಲಿ ಬಿಲ್. ಇಂಥಲ್ಲಿ ಮೀಟರಿನ ಮೇಲೆ ‘ಇ.ಎಲ್.’ ಎಂಬ ಸೂಚಕ ಹೊತ್ತಿಕೊಂಡಿರುವುದು ಸಾಮಾನ್ಯ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಇಳಿಸಿದಾಗ ಮಾತ್ರ ಮಿನುಗು ನಿಂತರೆ ಬೆರಕೆಯ ಶಂಕೆ ಗಟ್ಟಿಯಾಗುತ್ತದೆ. ಮುಂದಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನ ಕೆಲಸ; ಬೋರ್ಡಿಗೆ ನಾವು ಕೈ ಹಾಕುವಂತಿಲ್ಲ.

‘ಅರ್ಥಿಂಗ್ ಲೀಕೇಜ್’ ಎಂಬ ಮಾತು ಇಂಥ ಸಂದರ್ಭದಲ್ಲಿ ಧಾರಾಳವಾಗಿ ಕೇಳಿಬರುತ್ತದೆ, ಅದರ ಹೆಸರಲ್ಲಿ ಇಡೀ ಮನೆಯ ವೈರಿಂಗ್ ಬದಲಿಸಿದ್ದೂ ಉಂಟು. ಸ್ವಲ್ಪ ಲೆಕ್ಕ ಹಾಕಿದರೆ ಈ ಮಾತನ್ನು ಸೋಸಬಹುದು. ಮನೆಯ ಬೋರ್ಡಿನಲ್ಲಿ, ಸೋರಿಕೆ ಕಂಡರೆ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದು, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತಿದ್ದರೆ, ಅದರ ಆಚೆಗಿನ ಸೋರಿಕೆ ಏಳು ವಾಟನ್ನು ಮೀರಲಾರದು. ತಿಂಗಳಿಗೆ ಐದು ಯೂನಿಟ್. ದೊಡ್ಡ ಬಿಲ್ಲಿಗೆ ಅದು ಕಾರಣವಾಗುವುದಿಲ್ಲ. ಆರ್‌ಸಿಸಿಬಿ ಇಲ್ಲದ ಹಳೆಯ ಕಟ್ಟಡದಲ್ಲಿ ಮಾತ್ರ ಭಯಕ್ಕೆ ಆಧಾರವಿದೆ. ಗೀಸರಿನ ತುಕ್ಕು ಹಿಡಿದ ಕಾಯಿಲ್‌ನಿಂದ ಎರಡು ಆಂಪಿಯರ್ ಭೂಮಿಗೆ ಇಳಿದರೂ 16 ಆಂಪಿಯರಿನ ಎಂಸಿಬಿ ಮಿಸುಕುವುದಿಲ್ಲ, ತಿಂಗಳಿಗೆ 330 ಯೂನಿಟ್ ಮಣ್ಣುಪಾಲು. ಅಲ್ಲಿ ದುಡ್ಡಿಗಿಂತ ಮುಂಚೆ ಜೀವದ ಪ್ರಶ್ನೆ.

ಕೊನೆಗೆ ಮೀಟರ್ ಮೇಲಿನ ಆರೋಪ. ಅದನ್ನು ಮೊದಲೇ ತಳ್ಳಿಹಾಕದಿರಲು ಕಾರಣವಿದೆ: ಹಳೆಯ ತಿರುಗುವ ಚಕ್ರದ ಮೀಟರ್ ತೆಗೆದು ಡಿಜಿಟಲ್ ಹಾಕಿದ ಮೇಲೆ ಬಿಲ್ ಏರಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಸವೆದ ಬೇರಿಂಗಿನ ಚಕ್ರ ಕೆಲವು ವಾಟಿನ ಸಣ್ಣ ಲೋಡಿಗೆ ಅಲುಗುತ್ತಲೇ ಇರಲಿಲ್ಲ, ಹೊಸ ಮೀಟರ್ ಅದನ್ನೂ ಎಣಿಸುತ್ತದೆ. ಗ್ರಾಹಕರಿಗೆ ಇಷ್ಟು ವರ್ಷ ಸಿಗುತ್ತಿದ್ದ ರಿಯಾಯಿತಿ ನಿಂತಿತು ಎನ್ನಬೇಕು. ಆದರೆ ಆ ಏರಿಕೆ ಮೀಟರ್ ಬದಲಿಸಿದ ತಿಂಗಳು ಶುರುವಾಗಿ ಹಾಗೇ ಉಳಿಯುತ್ತದೆ. ಎರಡು ವರ್ಷದ ಮೇಲೆ ದಿಢೀರನೆ ಬಂದ ಏರಿಕೆಗೆ ಅದನ್ನು ಹೊಣೆ ಮಾಡಲಾಗದು. ಮನೆಗಳ ಮೀಟರಿಗೆ ಸಾಮಾನ್ಯ ಲೋಡಿನಲ್ಲಿ ಇರಬಹುದಾದ ತಪ್ಪು ಶೇ. 1ರ ಆಸುಪಾಸು, ಎಂದರೆ 200 ಯೂನಿಟ್ಟಿಗೆ ಎರಡು. ಎಂಬತ್ತು ಯೂನಿಟ್ ಹೆಚ್ಚು ತೋರಿಸಬೇಕಾದರೆ ಅದು ಪೂರಾ ಕೆಟ್ಟಿರಬೇಕು. ಹಾಗೆ ಕೆಡುವುದೇ ಇಲ್ಲ ಎಂದಲ್ಲ. ಗೊತ್ತಿರುವ ಒಂದು ಲೋಡ್ ಇಟ್ಟು ನೋಡಬಹುದು: ಉಳಿದದ್ದೆಲ್ಲ ತೆಗೆದು, 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಅದು ಕಾಯುತ್ತಿರುವ ಹೊತ್ತಿನಲ್ಲಿ ಎಣಿಸಿದರೆ, 3200ರ ಮೀಟರ್ ನಿಮಿಷಕ್ಕೆ 53 ಸಲ ಮಿನುಗಬೇಕು. ವೋಲ್ಟೇಜಿನಿಂದಾಗಿ ತುಸು ಆಚೀಚೆಯಾಗಬಹುದು. ಎಂಬತ್ತು ಬಂದರೆ ದೂರು ಕೊಡಲು ಅದೇ ಆಧಾರ.

ದೂರು ಕೊಟ್ಟು ಏನು ಫಲ, ತಮ್ಮ ಮೀಟರನ್ನು ತಾವೇ ಸರಿ ಎನ್ನುತ್ತಾರೆ ಎಂಬ ನಿರಾಸೆಗೆ ಹಿಂದೆ ಅರ್ಥವಿತ್ತು. ಕೇಂದ್ರ ಸರ್ಕಾರ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ, ರೀಡಿಂಗಿಗೂ ಬಳಕೆಗೂ ತಾಳೆಯಾಗುತ್ತಿಲ್ಲವೆಂದು ಗ್ರಾಹಕರು ದೂರಿದರೆ ವಿದ್ಯುತ್ ಕಂಪನಿ ಐದು ದಿನದೊಳಗೆ ಇನ್ನೊಂದು ಮೀಟರ್ ಕೂರಿಸಿ, ಕನಿಷ್ಠ ಮೂರು ತಿಂಗಳ ಬಳಕೆಯನ್ನು ತಾಳೆ ನೋಡಬೇಕು. ಬೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಪಡೆದು, ಉಪವಿಭಾಗದ ಕಚೇರಿಗೆ ಬರಹದಲ್ಲೂ ಕೊಡುವುದು ಒಳ್ಳೆಯದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಬರಹದ ಜೊತೆ ರಾತ್ರಿಯ ಮತ್ತು ಬೆಳಗಿನ ಫೋಟೊಗಳು, ಮೇನ್ ಇಳಿಸಿದಾಗಿನ ಮಿನುಗಿನ ಲೆಕ್ಕ, ಕಳೆದ ವರ್ಷದ ಇದೇ ತಿಂಗಳ ಬಿಲ್ಲು ಸೇರಿದ್ದರೆ ‘ಮೀಟರ್ ಜಾಸ್ತಿ ಓಡ್ತಿದೆ’ ಎಂಬ ಒಂದು ಸಾಲಿನ ದೂರಿಗೆ ಸಿಗದ ಉತ್ತರ ಇದಕ್ಕೆ ಸಿಗುವ ಸಾಧ್ಯತೆ ಹೆಚ್ಚು.